ಪದವಿಗೂ ಪಿಎಚ್.ಡಿ.ಗೂ ನಡುವಿನ ಒಂದು ವರ್ಷ



ಪಿಎಚ್.ಡಿ. ಮಾಡಿದವರನ್ನೂ ಡಾಕ್ಟರ್ ಎಂದೇ ಕರೆಯುತ್ತಾರೆ. ಅವರು ಇಂಜೆಕ್ಷನ್ ಕೊಡುವ ಡಾಕ್ಟರಲ್ಲ. ಯಾರಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಹಿಡಿದು ವರ್ಷಗಟ್ಟಲೆ ದುಡಿದವರು. ರೋಗ ಹೇಗೆ ಬರುತ್ತದೆ, ಔಷಧ ಹೇಗೆ ಕೆಲಸ ಮಾಡುತ್ತದೆ ಎಂದು ಹುಡುಕುವ ಜೀವವೈದ್ಯಕೀಯ ವಿಜ್ಞಾನಕ್ಕೆ ಇಂಥವರು ಬೇಕು.

ಅಮೆರಿಕದಲ್ಲಿ ಈ ಓದಿಗೆ ಸೀಟು ಸಿಗಲು ಅಂಕಪಟ್ಟಿ ಒಂದೇ ಸಾಲದು. ಪ್ರಯೋಗಾಲಯದಲ್ಲಿ ಏನು ಕೆಲಸ ಮಾಡಿದ್ದೀರಿ, ನಿಮ್ಮ ಪರವಾಗಿ ಯಾವ ವಿಜ್ಞಾನಿ ಪತ್ರ ಬರೆಯುತ್ತಾರೆ ಎಂದೂ ನೋಡುತ್ತಾರೆ. ಓದಿದ, ಅನುಕೂಲಸ್ಥರ ಮನೆಯ ಮಕ್ಕಳಿಗೆ ಇದು ಮೊದಲೇ ಗೊತ್ತಿರುತ್ತದೆ. ರಜೆಯಲ್ಲಿ ಸಂಬಳವಿಲ್ಲದೆ ಪ್ರಯೋಗಾಲಯಕ್ಕೆ ಹೋದರೂ ಅವರ ಮನೆ ನಡೆಯುತ್ತದೆ. ರಜೆಯಿಡೀ ಅಂಗಡಿಯಲ್ಲಿ ದುಡಿದು ಫೀಸು ಕಟ್ಟುವ ಹುಡುಗಿ ಏನು ಮಾಡಬೇಕು? ಬುದ್ಧಿಗೆ ಕೊರತೆಯಿಲ್ಲ, ದಾರಿ ಹೇಳುವವರಿಲ್ಲ. ಆಫ್ರಿಕನ್ ಅಮೆರಿಕನ್ನರು, ಲ್ಯಾಟಿನ್ ಅಮೆರಿಕ ಮೂಲದವರು, ಅಲ್ಲಿನ ಮೂಲನಿವಾಸಿಗಳು ಸಂಶೋಧಕರಲ್ಲಿ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ.

ಇದಕ್ಕಾಗಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್, ‘ಪ್ರೆಪ್’ ಎಂಬ ಯೋಜನೆ ತಂದಿತು. ಹಲವು ವಿಶ್ವವಿದ್ಯಾಲಯಗಳಲ್ಲಿ ಅದು ನಡೆಯಿತು. ಹೊಸದಾಗಿ ಪದವಿ ಮುಗಿಸಿದವರು ಒಂದೆರಡು ವರ್ಷ ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಕಲಿಯುತ್ತಿದ್ದರು. ಅದಕ್ಕೆ ಸ್ಟೈಪೆಂಡೂ ಇತ್ತು. ಹೆಚ್ಚು ಹೊತ್ತು ಪ್ರಯೋಗ. ಉಳಿದ ಹೊತ್ತು ಸಂಶೋಧನಾ ಲೇಖನ ಓದುವುದು, ಹತ್ತು ಜನರ ಮುಂದೆ ನಿಂತು ತನ್ನ ಕೆಲಸ ವಿವರಿಸುವುದು, ಪಿಎಚ್.ಡಿ.ಗೆ ಅರ್ಜಿ ಬರೆಯುವುದು, ಸಂದರ್ಶನಕ್ಕೆ ತಯಾರಾಗುವುದು.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದಾಗ ಲೆಡ್ಜರ್ ಟ್ಯಾಲಿ ಮಾಡಲು ಕಲಿಸಿದ್ದು ಪಠ್ಯಪುಸ್ತಕವಲ್ಲ, ಪಕ್ಕದ ಕುರ್ಚಿಯ ಹಿರಿಯ ಗುಮಾಸ್ತರು. ಆ ಕಲಿಕೆಯ ದಿನಗಳಲ್ಲೂ ನನಗೆ ಸಂಬಳವಿತ್ತು. ವಿಜ್ಞಾನಕ್ಕೂ ಅಂಥ ಪಕ್ಕದ ಕುರ್ಚಿ ಬೇಕು.

ಆ ಕುರ್ಚಿ ಬೇಗ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಕಿಝ್ಮೆಕಿಯಾ ಕಾರ್ಬೆಟ್ ಸಾಕ್ಷಿ. ಉತ್ತರ ಕೆರೊಲಿನಾದಲ್ಲಿ ಬೆಳೆದ ಈ ಆಫ್ರಿಕನ್ ಅಮೆರಿಕನ್ ಹುಡುಗಿ ಹೈಸ್ಕೂಲಿನಲ್ಲಿರುವಾಗಲೇ ಬೇಸಿಗೆ ರಜೆಯಲ್ಲಿ ಪ್ರಯೋಗಾಲಯ ಕಂಡಳು. ಬಡ ಮಕ್ಕಳಿಗಾಗಿ ಅಮೆರಿಕನ್ ಕೆಮಿಕಲ್ ಸೊಸೈಟಿ 1968ರಲ್ಲಿ ಶುರುಮಾಡಿದ ‘ಪ್ರಾಜೆಕ್ಟ್ ಸೀಡ್’ ಅದಕ್ಕೆ ನೆರವಾಯಿತು. ಮುಂದೆ ಮೇರಿಲ್ಯಾಂಡಿನಲ್ಲಿ ಮೇಯರ್‌ಹಾಫ್ ವಿದ್ಯಾರ್ಥಿವೇತನದಲ್ಲಿ ಓದಿ 2008ರಲ್ಲಿ ಪದವಿ, 2014ರಲ್ಲಿ ಪಿಎಚ್.ಡಿ. ಪಡೆದರು. ಕಾಲೇಜಿನ ದಿನಗಳಲ್ಲೇ ಎನ್‌ಐಎಚ್‌ನ ವಿಜ್ಞಾನಿ ಬಾರ್ನಿ ಗ್ರಹಾಂ ಅವರಲ್ಲಿ ಕೆಲಸ ಕಲಿತಿದ್ದರು. ಡಾಕ್ಟರ್ ಆದ ಮೇಲೆ ಅವರ ತಂಡವನ್ನೇ ಸೇರಿದರು. ಕೊರೋನಾ ಬಂದಾಗ ಮಾಡರ್ನಾ ಲಸಿಕೆಯನ್ನು ರೂಪಿಸಿದವರಲ್ಲಿ ಇವರೂ ಒಬ್ಬರು. 2020ರ ಮಾರ್ಚ್ 16ರಂದೇ ಆ ಲಸಿಕೆಯನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಆರಂಭಿಸಿದರು. ಲಸಿಕೆಗೆ ಹಿಂಜರಿಯುತ್ತಿದ್ದ ತಮ್ಮ ಸಮುದಾಯದವರ ಜೊತೆ ಕೂತು ಅನುಮಾನ ಬಗೆಹರಿಸಿದವರೂ ಇವರೇ. ಆ ಹುಡುಗಿಗೆ ದಾರಿ ಸಿಗದೇ ಹೋಗಿದ್ದರೆ ನಷ್ಟ ಅವಳೊಬ್ಬಳದೇ ಆಗುತ್ತಿರಲಿಲ್ಲ.

ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ, ಕಾಲೇಜು ವಿದ್ಯಾರ್ಥಿಗಳಿಗೆ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತಾ ಬಂದಿದೆ. ಮನೆಯಲ್ಲಿ ಬಿ.ಎಸ್ಸಿ. ಓದುವ ಅಕ್ಕ, ಅಣ್ಣ ಇದ್ದರೆ ಅವರ ಕಿವಿಗೆ ಹಾಕಿ.

ಅಜ್ಜ-ಅಜ್ಜಿಯರಿಗೂ ಒಂದು ಮಾತು. ಪದವಿ ಮುಗಿಸಿದ ಮೊಮ್ಮಗಳು “ಒಂದು ವರ್ಷ ಪ್ರಯೋಗಾಲಯದಲ್ಲಿ ಕಲಿಯುತ್ತೇನೆ” ಎಂದರೆ, “ಯಾಕೆ, ಎಲ್ಲೂ ಕೆಲಸ ಸಿಗಲಿಲ್ಲವಾ?” ಎನ್ನಬೇಡಿ. “ಏನು ಹುಡುಕುತ್ತಿದ್ದೀಯಾ ಮಗಳೇ, ನನಗೂ ಹೇಳು” ಎನ್ನಿ. ಹತ್ತು ಜನರ ಮುಂದೆ ವಿವರಿಸುವ ಅಭ್ಯಾಸ ಮನೆಯ ಜಗಲಿಯಿಂದಲೇ ಶುರುವಾಗಲಿ.