ಬೆರಳುಗಳ ಓಟ

ಹಾರ್ಮೋನಿಯಂ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ಕೈ ಓಡುವುದು ಯಾವಾಗ? ಪಾಠಕ್ಕೆ ಸೇರಿಸಿ ಮೂರು ತಿಂಗಳಾಗಿರುವುದಿಲ್ಲ, ರಾಜ್ಯೋತ್ಸವಕ್ಕೋ ಗಣೇಶನ ಪೆಂಡಾಲಿಗೋ ಮಗು ದ್ರುತದಲ್ಲಿ ಏನಾದರೂ ನುಡಿಸಬೇಕೆಂದು ಹಿರಿಯರ ಅಪೇಕ್ಷೆ. ಮಗು ಓಡಿಸುತ್ತದೆ, ನಾಲ್ಕು ಸ್ವರಗಳಲ್ಲಿ ಒಂದು ನುಂಗಿಹೋಗುತ್ತದೆ, ಮಣಿಕಟ್ಟು ಬಿಗಿಯುತ್ತದೆ, ಕೆಲವು ದಿನಗಳಲ್ಲಿ ಪೆಟ್ಟಿಗೆಯ ಮೇಲೆ ಬಟ್ಟೆ ಬೀಳುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ನಮ್ಮ ಕುಟುಂಬಗಳಿಗೆ ಇದು ಸಣ್ಣ ನಷ್ಟವಲ್ಲ. ಶಾಲೆಯಲ್ಲಿ ಕನ್ನಡ ಕಾಣದ ಎಷ್ಟೋ ಮಕ್ಕಳಿಗೆ ದಾಸರ ಪದ, ವಚನಗಳು ದೊರೆಯುವುದು ಆ ಪೆಟ್ಟಿಗೆಯ ಮುಂದೆಯೇ ಅಲ್ಲವೆ?

ಬೆರಳುಗಳ ಚುರುಕಿಗೆಂದೇ ಅಭ್ಯಾಸಗಳನ್ನು ರಚಿಸುವ ಪದ್ಧತಿ ಪಾಶ್ಚಾತ್ಯರಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ವಿಯೆನ್ನಾ ನಗರದ ಕಾರ್ಲ್ ಚೆರ್ನಿ (1791–1857) ಬೆಥೊವೆನನ ಶಿಷ್ಯ, ಲಿಸ್ಟ್ ಎಂಬ ಮಹಾವಾದಕನ ಗುರು. ಪಿಯಾನೋ ಕಲಿಯುವವರಿಗಾಗಿ ಅವನು ಬರೆದ ವೇಗದ ಪಾಠಗಳು, ಅವನ 299ನೆಯ ಕೃತಿ, ಇಂದಿಗೂ ಬಳಕೆಯಲ್ಲಿವೆ. ನಮ್ಮ ಸರಳೆ, ಜಂಟಿ, ಅಲಂಕಾರಗಳನ್ನು ಪುರಂದರದಾಸರು ಕ್ರಮಗೊಳಿಸಿದರೆಂಬುದು ಸಂಪ್ರದಾಯ. ಹಿಂದುಸ್ತಾನಿಯವರು ಪಲ್ಟಾ ಎನ್ನುತ್ತಾರೆ. ಸರಿಗಮ, ರಿಗಮಪ, ಗಮಪದ ಎಂದು ಏರುವ ಪಲ್ಟಾಕ್ಕೂ ಚೆರ್ನಿಯ ಪಾಠಕ್ಕೂ ಉದ್ದೇಶ ಒಂದೇ: ಮನಸ್ಸು ಸ್ವರವನ್ನು ನೆನೆದ ಕ್ಷಣದಲ್ಲಿ ಬೆರಳು ಅಲ್ಲಿರಬೇಕು.

ವೇಗ ಮುರಿಯುವುದು ಎಲ್ಲೆಡೆಯಲ್ಲಲ್ಲ, ಒಂದೆರಡು ಜಾಗಗಳಲ್ಲಿ ಮಾತ್ರ. ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಂಡು ಶುದ್ಧ ಸ್ವರಗಳನ್ನು ಏರುವಾಗ ಸ, ರಿ, ಗ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಸೇರುತ್ತವೆ. ಅನಂತರ ಮಧ್ಯಮಕ್ಕೆ ಹೆಬ್ಬೆರಳು ನಡುಬೆರಳಿನ ಕೆಳಗಿನಿಂದ ನುಸುಳಿ ಬರಬೇಕು. ತಡವರಿಸುವುದು ಅಲ್ಲಿಯೇ. ಗದ್ವಾಲದ ಸೀರೆಯಲ್ಲಿ ಹತ್ತಿಯ ಒಡಲೂ ರೇಷ್ಮೆಯ ಅಂಚೂ ಕೂಡುವ ಕಡೆಯೇ ನೇಕಾರನ ಕೈಗೆ ಪರೀಕ್ಷೆ, ಇದೂ ಅಂಥದೇ. ಇಡೀ ಪಲ್ಟಾವನ್ನು ನೂರು ಸಲ ಓಡಿಸುವುದಕ್ಕಿಂತ ಗ–ಮ, ಗ–ಮ ಎಂದು ಆ ಒಂದು ಸಂಧಿಯನ್ನೇ ಹತ್ತು ಸಲ ನಿಧಾನವಾಗಿ ದಾಟಿಸುವುದು ಲೇಸು. ಎರಡನೆಯ ತೊಡಕು ಉಂಗುರದ ಬೆರಳು. ಅದರ ಸ್ನಾಯುರಜ್ಜು ನೆರೆಯ ಬೆರಳುಗಳ ರಜ್ಜುಗಳೊಡನೆ ಹೆಣೆದುಕೊಂಡಿರುವುದರಿಂದ ಅದು ಒಂಟಿಯಾಗಿ ಏಳಲಾರದು. ಮಗುವಿನ ಸೋಮಾರಿತನವೆಂದು ಗದರುವುದು ಅನ್ಯಾಯ.

ಲಯದ ವಿಷಯದಲ್ಲಿ ನಮ್ಮ ಅಭಿಪ್ರಾಯ ಕಟ್ಟುನಿಟ್ಟು. ನಿಮಿಷಕ್ಕೆ 60 ಮಾತ್ರೆಯಿಂದ ತೊಡಗಿ, ಮೂರು ಸಲ ಒಂದೇ ಸಮನಾಗಿ ಬಂದ ಮೇಲೆ ಮಾತ್ರ 64ಕ್ಕೆ ಏರಬೇಕು. ಒಂದು ಸ್ವರ ಜಾರಿದರೂ ಕೆಳಗಿಳಿಯಬೇಕು. ಮೊಬೈಲಿನಲ್ಲಿ ತಬಲಾದ ಠೇಕಾ ಸಿಗುತ್ತದೆ, ಬಳಸಿಕೊಳ್ಳಿರಿ. ತಿದಿಯೊತ್ತುವ ಎಡಗೈಯನ್ನೂ ಗಮನಿಸಿರಿ. ಬಲಗೈ ಅವಸರಪಟ್ಟರೆ ತಿದಿಯೂ ಕುಪ್ಪಳಿಸಿ ನಾದ ಕುಂಟುತ್ತದೆ. ದಿನಕ್ಕೆ ಎರಡು ಬಾರಿ ಹದಿನೈದು ನಿಮಿಷ ಸಾಕು.

ಮೀಂಡು ಹೊರಡದ ವಾದ್ಯವೆಂಬ ಮುಖ್ಯ ಆಕ್ಷೇಪದಿಂದ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. 1971ರಲ್ಲಿ ನಿರ್ಬಂಧ ಸಡಿಲವಾಯಿತು. ಮೀಂಡಿಗೆ ಒಗ್ಗದ ಈ ವಾದ್ಯ ಸಪಾಟ್ ತಾನಿಗೆ ಮಾತ್ರ ಹೇಳಿ ಮಾಡಿಸಿದಂತಿದೆ. ವೇಗದ ಮೋಹ ಹುಟ್ಟುವುದೂ ಆದ್ದರಿಂದಲೇ. ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ಪಂಡಿತ ರಾಮಭಾವು ವಿಜಾಪುರೆಯವರು (1917–2010) ಅದೇ ವಾದ್ಯದಲ್ಲಿ ಸ್ವತಂತ್ರವಾಗಿಯೂ ನುಡಿಸಿದರು, ದೊಡ್ಡ ಗಾಯಕರಿಗೆ ಸಾಥಿಯನ್ನೂ ಕೊಟ್ಟರು. ಸಾಥಿಯೆಂದರೆ ಹಾಡುವವರ ಹಿಂದೆ ನಡೆಯುವುದು. ಗೋಪಾಲದಾಸರು ನೆಲೆಸಿದ್ದ ಉತ್ತನೂರು ಗದ್ವಾಲದ ಸೀಮೆಯದೇ. ಅವರ ಪದ ಹಾಡುವಾಗ ಪೆಟ್ಟಿಗೆ ಮುಂದೋಡಿ ಮಾತನ್ನು ಮುಳುಗಿಸಿದರೆ ಆ ಚುರುಕಿನಿಂದ ಏನು ಪ್ರಯೋಜನ?

ನೋವಿನ ಮಾತು ಬೇರೆ. ಜರ್ಮನಿಯ ರಾಬರ್ಟ್ ಶೂಮನ್ ಬಲಗೈಯ ಬೆರಳು ಕೆಟ್ಟು, 1830ರ ದಶಕದ ಮೊದಲ ವರ್ಷಗಳಲ್ಲಿಯೇ ಪಿಯಾನೋ ವಾದಕನಾಗುವ ಆಸೆಯನ್ನು ಬಿಡಬೇಕಾಯಿತು. ಬೆರಳು ಬಲಪಡಿಸಲು ಅವನು ಒಂದು ಸಾಧನವನ್ನೂ ಬಳಸಿದ್ದ. ಮಗು ಮಣಿಕಟ್ಟು ಜುಮ್ಮೆನ್ನುತ್ತದೆ ಎಂದರೆ ಅಂದಿಗೆ ಪೆಟ್ಟಿಗೆ ಮುಚ್ಚಿರಿ, ಅದೇ ಪಲ್ಟಾವನ್ನು ಬಾಯಿಯಲ್ಲಿ ಹಾಡಿಸಿರಿ. ಮರುದಿನವೂ ನೋವು ಉಳಿದಿದ್ದರೆ ವೈದ್ಯರಿಗೆ ತೋರಿಸಿರಿ.