ಮಕ್ಕಳಲ್ಲಿ ನರಸಂಬಂಧಿ ವಿಕಲತೆ: ಕಾರಣಗಳು ಹಾಗೂ ಸಾಮಾಜಿಕ ಹಿನ್ನೆಲೆ (ಬೀದರ್ ನಗರ, ಭಾಲ್ಕಿ, ಔರಾದ್)

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ರನ್ವಯ ವಿಕಲತೆಯ ವಿಧಗಳು 7 ರಿಂದ 21 ಕ್ಕೆ ಏರಿವೆ. 1995 ರ ಅಧಿನಿಯಮದಲ್ಲಿ ಹೆಸರೇ ಇಲ್ಲದಿದ್ದ ಆಟಿಸಂ ಈಗ ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆಗಳೊಂದಿಗೆ ಈ ಪಟ್ಟಿಯಲ್ಲಿದೆ. ಆದರೂ ಅನೇಕ ಪಾಲಕರು ಮಗುವನ್ನು ಶಾಲೆಗೆ ಸೇರಿಸುವ ವಯಸ್ಸಿನಲ್ಲಿಯೇ ಮೊದಲ ಬಾರಿಗೆ ಅರ್ಜಿ ಸಲ್ಲಿಸುತ್ತಾರೆ. ಅಷ್ಟರಲ್ಲಿ ಚಿಕಿತ್ಸೆಗೆ ಅತ್ಯಂತ ಅನುಕೂಲವಾದ ವರ್ಷಗಳು ಕಳೆದುಹೋಗಿರುತ್ತವೆ.

ಕಾರಣ ವಿಚಾರಿಸಿದಲ್ಲಿ ಗ್ರಹಣ, ಕೆಟ್ಟ ದೃಷ್ಟಿ, ತಾಯಿಯ ಹಣೆಬರಹ ಎಂಬ ಉತ್ತರಗಳು ಬರುವುದುಂಟು. ತಾಯಿಯನ್ನು ದೂಷಿಸುವುದು ನಿರಾಧಾರವಾದುದು. ಗರ್ಭದಲ್ಲಿ ಮೆದುಳಿಗಾಗುವ ಹಾನಿ, ಅವಧಿಪೂರ್ವ ಜನನ, ಹೆರಿಗೆಯ ವೇಳೆ ಆಮ್ಲಜನಕದ ಕೊರತೆ, ನವಜಾತ ಶಿಶುವಿನ ತೀವ್ರ ಕಾಮಾಲೆ, ಅಯೋಡಿನ್ ಕೊರತೆ ಮತ್ತು ಅನುವಂಶೀಯ ದೋಷಗಳು ವೈದ್ಯಕೀಯವಾಗಿ ತಿಳಿದಿರುವ ಕಾರಣಗಳು.

ಇವುಗಳ ಹಿಂದೆ ಸಾಮಾಜಿಕ ಪರಿಸ್ಥಿತಿಯೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ರಾಜ್ಯದಲ್ಲಿ ಸುಮಾರು ಶೇ. 27 ರಷ್ಟು ವಿವಾಹಿತ ಮಹಿಳೆಯರ ಮದುವೆ ರಕ್ತಸಂಬಂಧದಲ್ಲಿಯೇ ಆಗಿದೆ. ಹೊಲ ಮನೆಯಲ್ಲಿಯೇ ಉಳಿಯಲಿ, ಮಗಳು ಕಣ್ಣೆದುರಿಗಿರಲಿ ಎಂಬ ಆಶಯ ಅರ್ಥವಾಗುವಂಥದ್ದೇ. ಇಂತಹ ದಂಪತಿಗಳ ಬಹುತೇಕ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಕೆಲವು ಅನುವಂಶೀಯ ರೋಗಗಳ ಸಂಭವ ಹೆಚ್ಚುತ್ತದೆ. ಈಗಾಗಲೇ ಒಂದು ಮಗುವಿಗೆ ತೊಂದರೆಯಿದ್ದಲ್ಲಿ ಮುಂದಿನ ಗರ್ಭಧಾರಣೆಗೆ ಮುನ್ನ ವೈದ್ಯರ ಸಲಹೆ ಪಡೆಯತಕ್ಕದ್ದು. ಶಿಶುವಿನ ನರನಾಳವು ಗರ್ಭ ಧರಿಸಿದ 28 ದಿನಗಳೊಳಗೆ ಮುಚ್ಚಿಕೊಳ್ಳುವುದರಿಂದ, ಗರ್ಭಿಣಿಯೆಂದು ತಿಳಿದ ನಂತರ ಆರಂಭಿಸುವ ಫೋಲಿಕ್ ಆಮ್ಲದ ಮಾತ್ರೆ ಈ ದೋಷವನ್ನು ತಡೆಯಲು ತಡವಾಗಿರುತ್ತದೆ. ಆದುದರಿಂದ ಮಗುವನ್ನು ಬಯಸುವವರು ಮೊದಲೇ ಆರಂಭಿಸುವುದು ಸೂಕ್ತ.

ಗಡಿ ತಾಲ್ಲೂಕುಗಳಲ್ಲಿ ಮತ್ತೊಂದು ತೊಡಕಿದೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ವಾಡಿಕೆ; ಔರಾದ್, ಭಾಲ್ಕಿಯ ಹಲವು ಸೊಸೆಯಂದಿರ ತವರು ಮಹಾರಾಷ್ಟ್ರ ಅಥವಾ ತೆಲಂಗಾಣದಲ್ಲಿರುತ್ತದೆ. ಮಗು ತಡವಾಗಿ ಅತ್ತಿತೇ, ಜನನದ ತೂಕವೆಷ್ಟು ಎಂಬ ದಾಖಲೆ ಅಲ್ಲಿಯೇ ಉಳಿಯುತ್ತದೆ. ಆಸ್ಪತ್ರೆಯ ಬಿಡುಗಡೆ ಚೀಟಿ ಹಾಗೂ ತಾಯಿ ಕಾರ್ಡನ್ನು ಕಾಪಾಡಿಕೊಂಡು ಬರುವುದು ತಪಾಸಣೆಗೆ ಬಹಳ ಉಪಯುಕ್ತ.

ಮಗು ನಾಲ್ಕು ತಿಂಗಳಾದರೂ ಕತ್ತು ನಿಲ್ಲಿಸದಿದ್ದಲ್ಲಿ, ಎರಡು ವರ್ಷವಾದರೂ ಮಾತನಾಡದಿದ್ದಲ್ಲಿ ಕಾಯದೆ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರಿಗೆ ತಿಳಿಸತಕ್ಕದ್ದು. 2013 ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ತಪಾಸಣೆ ಉಚಿತ. ಔರಾದಿನಿಂದ ಬೀದರಿಗೆ ಸುಮಾರು 40 ಕಿ.ಮೀ. ಪ್ರಯಾಣ, ಒಂದು ದಿನದ ಕೂಲಿ ಎರಡೂ ಹೊರೆಯೆಂಬುದು ಇಲಾಖೆಗೆ ತಿಳಿದಿದೆ. ಆದಕಾರಣ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ದಾಖಲೆಗಳನ್ನು ಮೊದಲೇ ಪರಿಶೀಲಿಸಿಕೊಂಡು ಹೊರಡುವುದು ಒಳಿತು. ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಬೌದ್ಧಿಕ ವಿಕಲತೆಯ ಪ್ರಮಾಣಪತ್ರವು ತಾತ್ಕಾಲಿಕವಾಗಿದ್ದು, ಐದು ವರ್ಷ ತುಂಬಿದ ನಂತರ ಮರುತಪಾಸಣೆಗೆ ಹಾಜರಾಗತಕ್ಕದ್ದು.