ಶಬ್ದಶಾಮಕದ ಸವೆತಕ್ಕೆ ಹೊದಿಕೆ ಹೊಣೆಯೇ?

ಬೂದಿ ಮುಚ್ಚಿದ ಕೆಂಡ ಬೇಗನೆ ಆರುವುದಿಲ್ಲವೆಂಬುದು ಒಲೆಯ ಮುಂದೆ ಕುಳಿತವರೆಲ್ಲರೂ ಬಲ್ಲ ಸಂಗತಿ. ಆದರೆ ಬೂದಿಯೇ ಕೆಂಡವನ್ನು ಹೊತ್ತಿಸಿತೆಂದು ಯಾರೂ ಹೇಳುವುದಿಲ್ಲ. ರೈಫಲಿನ ಶಬ್ದಶಾಮಕಕ್ಕೆ ತೊಡಿಸುವ ಉಷ್ಣರಕ್ಷಕ ಹೊದಿಕೆಯ ಮೇಲೆ ಹೆಚ್ಚುಕಡಮೆ ಇಂಥದೇ ಒಂದು ಆರೋಪವಿದೆ. ಹೊದಿಕೆ ತೊಡಿಸಿದರೆ ಶಬ್ದಶಾಮಕವು ಬೇಗ ಸವೆದುಹೋಗುತ್ತದೆಂದು ಅಮೆರಿಕದ ಗುರಿಕಾರರಲ್ಲಿ ಕೆಲವರು ನಂಬುತ್ತಾರೆ. ಈ ನಂಬಿಕೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಹೊಣೆಯನ್ನು ಹೊರಿಸಬೇಕಾದುದು ಬೇರೆ ಕಡೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಈ ಉಪಕರಣದ ಸ್ವರೂಪವನ್ನು ಅರಿತುಕೊಳ್ಳೋಣ. ಜನರು ಸೈಲೆನ್ಸರ್ ಎಂದು ಕರೆಯುವ ಶಬ್ದಶಾಮಕಕ್ಕೆ ಅಮೆರಿಕದ ಹೈರಂ ಪರ್ಸಿ ಮ್ಯಾಕ್ಸಿಂ ೧೯೦೯ರಲ್ಲಿ ಪೇಟೆಂಟ್ ಪಡೆದನು. ಮ್ಯಾಕ್ಸಿಂ ಮಷೀನ್ ಗನ್ನನ್ನು ನಿರ್ಮಿಸಿದ ಹೈರಂ ಸ್ಟೀವನ್ಸ್ ಮ್ಯಾಕ್ಸಿಂ ಈತನ ತಂದೆ. ನಳಿಗೆಯ ತುದಿಗೆ ತಿರುಚಿ ಜೋಡಿಸುವ ಈ ಕೊಳವೆಯೊಳಗೆ ನಡುವೆ ರಂಧ್ರವುಳ್ಳ ಅಡ್ಡತಟ್ಟೆಗಳು ಸಾಲಾಗಿರುತ್ತವೆ. ಗುಂಡು ರಂಧ್ರಗಳ ಮೂಲಕ ನೇರವಾಗಿ ಹಾರಿಹೋಗುತ್ತದೆ. ಅದರ ಬೆನ್ನಟ್ಟಿ ಬರುವ ಬಿಸಿ ಅನಿಲಗಳು ತಟ್ಟೆಗಳ ನಡುವಣ ಕೋಣೆಗಳಲ್ಲಿ ಸಿಕ್ಕಿ, ಹಿಗ್ಗಿ, ವೇಗವನ್ನು ಕಳೆದುಕೊಂಡು ಹೊರಬೀಳುತ್ತವೆ. ರೈಫಲಿನ ಸದ್ದು ಸುಮಾರು ೧೬೦ ಡೆಸಿಬೆಲ್. ಕಿವಿಗೆ ಅಪಾಯಕಾರಿಯೆಂದು ಗಣಿಸಲಾಗುವ ೧೪೦ ಡೆಸಿಬೆಲ್ಲಿನ ಮಿತಿಗಿಂತ ಇದು ಬಹಳ ಹೆಚ್ಚು. ಉತ್ತಮ ಶಬ್ದಶಾಮಕವು ಇದನ್ನು ೨೦ರಿಂದ ೩೦ ಡೆಸಿಬೆಲ್ಲಿನಷ್ಟು ತಗ್ಗಿಸಬಲ್ಲದು. ೨೦೨೨ರಲ್ಲಿ ಅಮೆರಿಕದ ಭೂಸೇನೆಯು ಆಯ್ದುಕೊಂಡ ಹೊಸ ರೈಫಲಿಗೆ ಶಬ್ದಶಾಮಕವೂ ಜೊತೆಗೂಡಿತ್ತು.

ಆದರೆ ಶಕ್ತಿ ನಾಶವಾಗುವುದಿಲ್ಲ. ಅನಿಲಗಳು ತೊರೆದ ಶಕ್ತಿಯಲ್ಲಿ ಒಂದು ಪಾಲು ಶಾಖವಾಗಿ ಕೊಳವೆಯ ಲೋಹವನ್ನು ಸೇರುತ್ತದೆ. ಕೆಲವು ಡಜನ್ ಗುಂಡುಗಳನ್ನು ಬೆನ್ನುಬೆನ್ನಿಗೆ ಹಾರಿಸಿದರೆ ಕೊಳವೆ ಮುಟ್ಟಿದವರ ಕೈ ಸುಡುತ್ತದೆ. ಅದರಿಂದ ಮೇಲೇಳುವ ಬಿಸಿ ಗಾಳಿಯು ಬೇಸಗೆಯ ರಸ್ತೆಯ ಮೇಲೆ ಕಾಣುವ ಮರೀಚಿಕೆಯಂತೆ ದೂರದರ್ಶಕದ ಮುಂದೆ ಅಲೆಯಾಡಿ ಗುರಿಯನ್ನು ಮಸುಕುಗೊಳಿಸುತ್ತದೆ. ಇವೆರಡನ್ನೂ ತಡೆಯಲೆಂದೇ ಗಾಜಿನ ಎಳೆ, ಸಿಲಿಕಾ ಎಳೆ, ಆರಮಿಡ್ ಎಳೆ ಮುಂತಾದವುಗಳಿಂದ ಮಾಡಿದ ಹೊದಿಕೆಯನ್ನು ತೊಡಿಸುತ್ತಾರೆ.

ಈಗ ಸವೆತದ ವಿಚಾರ. ಶಬ್ದಶಾಮಕವು ನಿಜವಾಗಿ ಸವೆಯುವುದು ಒಳಗೆ. ಅದರಲ್ಲಿಯೂ ನಳಿಗೆಗೆ ಅತಿ ಸಮೀಪದಲ್ಲಿರುವ ಮೊದಲನೆಯ ಅಡ್ಡತಟ್ಟೆಯಲ್ಲಿ. ಉರಿಯುವ ಸಿಡಿಮದ್ದಿನ ಉಷ್ಣತೆ ೨೦೦೦ ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಈ ಅನಿಲವೂ ಅದರೊಡನೆ ಬರುವ ಉರಿಯದ ಮದ್ದಿನ ಕಣಗಳೂ ಮರಳು ಎರಚಿದಂತೆ ತಟ್ಟೆಯನ್ನು ಕೊರೆಯುತ್ತವೆ. ಹೊರಗಿರುವ ಬಟ್ಟೆ ಅಲ್ಲಿಗೆ ತಲುಪಲಾರದು. ಹೊದಿಕೆಯು ಹೊರಮೈಯ ಬಣ್ಣವನ್ನು ಉಜ್ಜೀತು. ನೆನೆದ ಹೊದಿಕೆಯನ್ನು ಹಾಗೆಯೇ ಬಿಟ್ಟರೆ ಉಕ್ಕಿಗೆ ತುಕ್ಕೂ ಹಿಡಿದೀತು. ಇವು ಅಂದಗೆಡಿಸುವ ದೋಷಗಳೇ ಹೊರತು ಕೊಳವೆಯ ಆಯುಷ್ಯವನ್ನು ನಿರ್ಣಯಿಸುವ ಕಾರಣಗಳಲ್ಲ.

ಹಾಗಾದರೆ ಸತ್ಯಾಂಶವೆಲ್ಲಿದೆ? ಲೋಹವು ಬಿಸಿಯಾದಷ್ಟೂ ಮೆತುವಾಗುತ್ತದೆ. ಮೆತುವಾದ ಲೋಹವನ್ನು ಅನಿಲವು ಸುಲಭವಾಗಿ ಕೊರೆಯುತ್ತದೆ. ಹಗುರವೆಂದು ಜನಪ್ರಿಯವಾಗಿರುವ ಟೈಟೇನಿಯಂ ಮಿಶ್ರಲೋಹಗಳು ೪೦೦ ಡಿಗ್ರಿಯ ಆಚೆಗೆ ಗಮನಾರ್ಹವಾಗಿ ಬಲಗುಂದುತ್ತವೆ. ನಿಕ್ಕಲಿನ ಕೆಲವು ಮಿಶ್ರಲೋಹಗಳು ೬೫೦ ಡಿಗ್ರಿಯ ಸುಮಾರಿಗೂ ಬಲವನ್ನು ಉಳಿಸಿಕೊಳ್ಳಬಲ್ಲವು. ಆದುದರಿಂದ ಹೊದಿಕೆಯು ಕೊಳವೆಯ ಉಷ್ಣತೆಯನ್ನು ಎಷ್ಟು ಏರಿಸುತ್ತದೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ಇದಕ್ಕೆ ಊಹೆ ಸಾಲದು. ಸಣ್ಣ ಲೆಕ್ಕವೊಂದು ಬೇಕು.

ಕೊಳವೆ ೫೦೦ ಗ್ರಾಂ ತೂಕದ ಉಕ್ಕಿನದೆಂದೂ, ಪ್ರತಿ ಗುಂಡಿನಿಂದ ಅದಕ್ಕೆ ೧೦೦೦ ಜೂಲ್ ಶಾಖ ಸೇರುವುದೆಂದೂ ಇಟ್ಟುಕೊಳ್ಳೋಣ. ಇಷ್ಟು ಉಕ್ಕಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು ೨೫೦ ಜೂಲ್ ಸಾಕು. ಆದುದರಿಂದ ಒಂದೊಂದು ಗುಂಡಿಗೂ ೪ ಡಿಗ್ರಿಯಷ್ಟು ಏರಿಕೆ. ಗೇಣುದ್ದದ, ೪ ಸೆಂಟಿಮೀಟರ್ ವ್ಯಾಸದ ಬರಿಯ ಕೊಳವೆಯು ೩೦೦ ಡಿಗ್ರಿಯಲ್ಲಿರುವಾಗ ಗಾಳಿಯ ಸಂವಹನದಿಂದಲೂ ವಿಕಿರಣದಿಂದಲೂ ಸೆಕೆಂಡಿಗೆ ಸುಮಾರು ೧೫೦ ಜೂಲ್ ಶಾಖವನ್ನು ಹೊರಚೆಲ್ಲುತ್ತದೆ. ಹೊದಿಕೆಯು ಇದನ್ನು ಅರ್ಧಕ್ಕೆ ಇಳಿಸುವುದೆಂದು ಭಾವಿಸೋಣ.

ಮೊದಲನೆಯ ಸಂದರ್ಭ: ಹತ್ತು ಸೆಕೆಂಡುಗಳಲ್ಲಿ ೩೦ ಗುಂಡುಗಳು. ಒಳಬಂದ ಶಾಖ ೩೦,೦೦೦ ಜೂಲ್; ಆ ಅವಧಿಯಲ್ಲಿ ಬರಿಯ ಕೊಳವೆ ಹೊರಚೆಲ್ಲಿದುದು ಹೆಚ್ಚೆಂದರೆ ೧೫೦೦ ಜೂಲ್. ಉಷ್ಣತೆಯಲ್ಲಿ ೧೨೦ ಡಿಗ್ರಿಯ ಏರಿಕೆಯಾದರೆ ಹೊದಿಕೆಯಿಂದಾಗುವ ವ್ಯತ್ಯಾಸ ಮೂರು ನಾಲ್ಕು ಡಿಗ್ರಿಯನ್ನು ಮೀರದು. ಬಿರುಸಿನ ಗುಂಡಿನ ಸುರಿಮಳೆಯಲ್ಲಿ ಹೊದಿಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಎರಡನೆಯ ಸಂದರ್ಭ: ನಿಮಿಷಕ್ಕೆ ೯ ಗುಂಡುಗಳಂತೆ ಬಹು ಹೊತ್ತು ಬಿಡದೆ ಹಾರಿಸುವುದು. ಒಳಬರುವುದು ಸೆಕೆಂಡಿಗೆ ೧೫೦ ಜೂಲ್. ಬರಿಯ ಕೊಳವೆಯಲ್ಲಿ ಆಯವ್ಯಯಗಳು ಸರಿದೂಗಿ ಉಷ್ಣತೆ ೩೦೦ ಡಿಗ್ರಿಯ ಸುಮಾರಿನಲ್ಲಿ ನಿಲ್ಲುತ್ತದೆ. ಹೊದಿಕೆಯಿರುವಾಗ ವ್ಯಯ ಅರ್ಧವಾದುದರಿಂದ ಉಷ್ಣತೆ ಏರುತ್ತಲೇ ಹೋಗಿ ೪೦೦ ಡಿಗ್ರಿಯನ್ನು ದಾಟಿದ ಮೇಲೆಯೇ ನಿಲ್ಲುವುದು. ಟೈಟೇನಿಯಮ್ಮಿಗೆ ಅಪಾಯದ ಗೆರೆ ಇರುವುದು ಅಲ್ಲಿಯೇ. ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ೧೮೭೯ರಲ್ಲಿ ಯೋಸೆಫ್ ಸ್ಟೆಫಾನ್ ತೋರಿಸಿದನು. ಬಹಳ ಬಿಸಿಯಾದ ಕೊಳವೆಗೆ ದೊರೆಯುವ ಈ ದೊಡ್ಡ ಬಿಡುಗಡೆಯ ದಾರಿಗೇ ಹೊದಿಕೆಯು ಅಡ್ಡ ನಿಲ್ಲುತ್ತದೆ.

ಮೂರನೆಯ ಸಂದರ್ಭ ಬೇಟೆಗಾರನದು. ಒಂದೆರಡು ಗುಂಡುಗಳಿಂದ ಉಷ್ಣತೆ ಏರುವುದು ಹತ್ತು ಡಿಗ್ರಿಯೊಳಗೆ. ಇಲ್ಲಿ ಸವೆತದ ಮಾತೇ ಬಾರದು.

ಹಾಗಿದ್ದೂ ಹೊದಿಕೆಯ ಕೆಳಗೆ ಸವೆದ ಕೊಳವೆಗಳು ಸಿಗುತ್ತವಲ್ಲ ಎಂದು ಕೆಲವರು ಕೇಳಬಹುದು. ಸಿಗಲೇಬೇಕು. ಹೊದಿಕೆಯನ್ನು ಕೊಳ್ಳುವವರು ಯಾರು? ಹೆಚ್ಚು ಗುಂಡು ಹಾರಿಸಿ ಕೈ ಸುಟ್ಟುಕೊಂಡವರೇ. ರಸ್ತೆಯಲ್ಲಿ ಕೊಡೆಗಳು ಹೆಚ್ಚಾಗಿ ಕಂಡ ದಿನ ಮಳೆಯೂ ಹೆಚ್ಚಾಗಿರುತ್ತದೆ. ಹಾಗೆಂದು ಮಳೆಯನ್ನು ತರಿಸಿದುದು ಕೊಡೆಯೆನ್ನಬಹುದೇ? ಸಹಚಾರವನ್ನೇ ಕಾರಣವೆಂದು ಬಗೆಯುವ ಈ ತಪ್ಪು ಕೋವಿಯ ಲೋಕಕ್ಕೆ ಮಾತ್ರ ಸೀಮಿತವಲ್ಲ. ಔಷಧ, ಆಹಾರ, ಗೊಬ್ಬರಗಳ ವಿಷಯದಲ್ಲಿಯೂ ನಾವು ಅದನ್ನು ದಿನವೂ ಕೇಳುತ್ತೇವೆ.

ಆದರೆ ಹೊದಿಕೆಯನ್ನು ಪೂರ್ಣವಾಗಿ ನಿರ್ದೋಷಿಯೆಂದು ಬಿಟ್ಟುಬಿಡುವುದೂ ಸಲ್ಲದು. ಅದರ ನಿಜವಾದ ಅಪರಾಧವೆಂದರೆ ಎಚ್ಚರಿಕೆಯನ್ನು ಮರೆಮಾಡುವುದು. ಬರಿಯ ಕೊಳವೆಯಾದರೆ ಅಲೆಯಾಡುವ ಗಾಳಿ, ಬಣ್ಣಗೆಟ್ಟ ಲೋಹ, ಕೊನೆಗೆ ಮಂದವಾದ ಕೆಂಪು ಹೊಳಪು ಇವು ಗುರಿಕಾರನಿಗೆ ‘ಸಾಕು’ ಎಂದು ಹೇಳುತ್ತವೆ. ಹೊದಿಕೆ ಇವೆಲ್ಲವನ್ನೂ ಮುಚ್ಚುತ್ತದೆ. ಬೂದಿ ಮುಚ್ಚಿದ ಕೆಂಡವನ್ನು ನಾವು ಹಿಂದಿನಿಂದಲೂ ಅಪಾಯದ ಸಂಕೇತವಾಗಿ ಹೇಳುತ್ತ ಬಂದಿರುವುದು ಈ ಕಾರಣದಿಂದಲೇ.

ಆದುದರಿಂದ ನನ್ನ ಸಲಹೆ ಇದು. ಹೊದಿಕೆಯನ್ನು ತ್ಯಜಿಸಬೇಕಾಗಿಲ್ಲ; ಸುಟ್ಟ ಅಂಗೈಗಿಂತ ಅದು ಲೇಸು. ಆದರೆ ಬಿಡದೆ ಬಹು ಹೊತ್ತು ಹಾರಿಸುವಾಗ ನಡುವೆ ವಿರಾಮವಿರಬೇಕು. ಆ ವಿರಾಮವು ಹೊದಿಕೆಯಿರುವಾಗ ಇನ್ನೂ ದೀರ್ಘವಾಗಿರಬೇಕು. ತಯಾರಕರು ನಿಮಿಷಕ್ಕೆ ಇಷ್ಟು ಗುಂಡುಗಳೆಂಬ ಮಿತಿಯನ್ನು ಹೊದಿಕೆ ಸಹಿತವಾಗಿ ಒಂದು, ರಹಿತವಾಗಿ ಒಂದು ಎಂದು ಬೇರೆಬೇರೆಯಾಗಿಯೇ ಮುದ್ರಿಸಬೇಕು. ಹೊದಿಕೆಯ ಅಡಿಯಲ್ಲಿ ತೆಳುವಾದ ಉಷ್ಣಯುಗ್ಮವೊಂದನ್ನು ಇರಿಸಿ ಉಷ್ಣತೆಯನ್ನು ಅಳೆಯುವುದು ಕಷ್ಟದ ಕೆಲಸವೇನೂ ಅಲ್ಲ. ಅಳೆಯಬಹುದಾದುದನ್ನು ಅಳೆಯದೆ ವಾದಿಸುತ್ತ ಕುಳಿತಿರುವವರೆಗೆ ಹೊದಿಕೆಗೆ ಅಪವಾದವೂ ತಪ್ಪದು, ಕೊಳವೆಗೆ ಸವೆತವೂ ತಪ್ಪದು.